ಹುಟ್ಟು ಒಬ್ಬರ ಕೈಲಿ, ಕ್ಯಾಮೆರಾ ಇನ್ನೊಬ್ಬರ ಕೈಲಿ: ಮಿನ್ನೆಸೋಟದ ಉತ್ತರದ ಕಾಡಿನಲ್ಲಿ ಬೇಸಿಗೆಯ ಫೋಟೋಗ್ರಫಿ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಓದೋಕೆ ಅನುಕೂಲ ಆಗೋ ಹಾಗೆ ಸ್ವಲ್ಪ ತಿದ್ದಿ ಇಲ್ಲಿ ಹಾಕಿದೀನಿ. ವಿಡಿಯೋದಲ್ಲಿ ಫೋಟೋ ತೋರಿಸಿ ಮುಂದೆ ಹೋದ ಕಡೆಗಳಲ್ಲಿ ಇಲ್ಲಿ ನಾಲ್ಕು ಮಾತು ಜಾಸ್ತಿ ಇದೆ.

ವಿಷಯ ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ತುದಿಯ ಕಾಡು. ಅಲ್ಲಿಯವರು ನಾರ್ತ್ ವುಡ್ಸ್ ಅಂತಾರೆ. ಪುಣೆ, ಹೈದರಾಬಾದ್, ಚೆನ್ನೈಯಲ್ಲಿ ಕೂತಿರೋ ನಮಗೆ ಇದ್ಯಾಕೆ ಅಂತ ಕೇಳಬಹುದು. ನಮ್ಮಲ್ಲಿ ಎಷ್ಟೋ ಜನರಿಗೆ ಮಿನಿಯಾಪೊಲಿಸ್‌ಗೆ ಆನ್‌ಸೈಟ್ ಬರುತ್ತೆ. ಬಂದವರು ವೀಕೆಂಡ್‌ನಲ್ಲಿ ಮಾಲ್ ಆಫ್ ಅಮೆರಿಕ ನೋಡ್ತಾರೆ, ರಜೆ ಸಿಕ್ಕರೆ ಶಿಕಾಗೋಗೆ ಹೋಗ್ತಾರೆ. ಉತ್ತರಕ್ಕೆ ನಾಲ್ಕೂವರೆ ಗಂಟೆ ಕಾರು ಓಡಿಸಿದರೆ ಸಿಗೋ ಈ ಕಾಡು ಮಾತ್ರ ಲಿಸ್ಟ್‌ನಲ್ಲೇ ಇರಲ್ಲ. ಜೂನ್ ಮೂರನೇ ವಾರ ನಾನೂ, ಅಲ್ಲೇ ಕೆಲಸದಲ್ಲಿರೋ ನನ್ನ ಗೆಳೆಯನೂ ಐದು ದಿನ ಹೋಗಿದ್ವಿ. ಫೋಟೋ ನೋಡಿದವರೆಲ್ಲ ಮೊದಲು ಕೇಳಿದ್ದು ಒಂದೇ: ಲೆನ್ಸ್ ಯಾವುದು?

ಲೆನ್ಸ್ ವಿಷಯ ಹೇಳ್ತೀನಿ. ಆದರೆ ಆ ಕಾಡಿನಲ್ಲಿ ಲೆನ್ಸಿಗೆ ಮೂರನೇ ಜಾಗ. ಎಷ್ಟು ದೂರದಲ್ಲಿ ನಿಲ್ತೀರಿ ಅನ್ನೋದು ಮೊದಲು, ದೋಣಿಯ ಹಿಂದುಗಡೆ ಯಾರು ಕೂತಿದ್ದಾರೆ ಅನ್ನೋದು ಎರಡನೇದು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಯಾವ ಕಾಡು ಇದು

ನಾವು ಹೋಗಿದ್ದು ಬೌಂಡರಿ ವಾಟರ್ಸ್ ಅನ್ನೋ ಪ್ರದೇಶಕ್ಕೆ. ಸುಪೀರಿಯರ್ ನ್ಯಾಷನಲ್ ಫಾರೆಸ್ಟ್‌ನ ಒಳಗೆ, ಕೆನಡಾ ಗಡಿಗೆ ಅಂಟಿಕೊಂಡು ಸುಮಾರು 240 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ವಿಸ್ತೀರ್ಣ ಸುಮಾರು 4,400 ಚದರ ಕಿಲೋಮೀಟರ್, ಅಂದ್ರೆ ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನದ ಐದು ಪಟ್ಟು. ಅದರೊಳಗೆ ಸಾವಿರಕ್ಕೂ ಹೆಚ್ಚು ಸರೋವರಗಳು. 1964ರ ವೈಲ್ಡರ್‌ನೆಸ್ ಕಾಯ್ದೆ, ಆಮೇಲೆ 1978ರಲ್ಲಿ ಇದಕ್ಕೇ ಅಂತ ಬಂದ ಇನ್ನೊಂದು ಕಾಯ್ದೆ, ಎರಡೂ ಸೇರಿ ಇದನ್ನ ಕಾಯ್ತಿವೆ. ಒಳಗೆ ರಸ್ತೆ ಇಲ್ಲ, ರೆಸಾರ್ಟ್ ಇಲ್ಲ. ಕೆಲವೇ ಸರೋವರ ಬಿಟ್ಟರೆ ಮೋಟಾರ್ ಬೋಟೂ ಇಲ್ಲ. ಓಡಾಟಕ್ಕೆ ಇರೋದು ಕನೂ, ಅಂದ್ರೆ ಇಬ್ಬರು ಮೂವರು ಕೂತು ಹುಟ್ಟು ಹಾಕೋ ಉದ್ದನೆ ತೆಳು ದೋಣಿ. ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ದೋಣಿಯನ್ನ ಹೆಗಲ ಮೇಲೆ ಹೊತ್ತು ಕಾಡಿನ ದಾರಿಯಲ್ಲಿ ನಡೀಬೇಕು. ಇದಕ್ಕೆ ಪೋರ್ಟೇಜ್ ಅಂತಾರೆ. ಈ ದಾರಿಗಳನ್ನ ಮ್ಯಾಪ್‌ನಲ್ಲಿ ಇವತ್ತಿಗೂ 'ರಾಡ್' ಅನ್ನೋ ಹಳೇ ಅಳತೆಯಲ್ಲಿ ಬರೀತಾರೆ. ಒಂದು ರಾಡ್ ಅಂದ್ರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ದೋಣಿಯ ಉದ್ದ. 320 ರಾಡ್ ಸೇರಿದರೆ ಒಂದು ಮೈಲಿ.

ಮರಗಳು ಸ್ಪ್ರೂಸ್, ಫರ್, ಪೈನ್, ಮಧ್ಯೆ ಮಧ್ಯೆ ಬಿಳಿ ತೊಗಟೆಯ ಬರ್ಚ್. ಕಾಲ ಕೆಳಗಿನ ಬಂಡೆ ಸುಮಾರು 270 ಕೋಟಿ ವರ್ಷ ಹಳೇದು. ನಮ್ಮ ಕೋಲಾರದ ಚಿನ್ನದ ಗಣಿ ಇರೋ ಶಿಲೆಗಳೂ ಹೆಚ್ಚುಕಡಿಮೆ ಅದೇ ವಯಸ್ಸಿನವು. ಈ ಬಂಡೆಯನ್ನ ಹಿಮನದಿಗಳು ಕೊರೆದು ಹೋದ ಗುಂಡಿಗಳೇ ಈಗಿನ ಸರೋವರಗಳು.

ಇದು ಒಜಿಬ್ವೆ ಜನರ ನಾಡು. ಬರ್ಚ್ ತೊಗಟೆಯ ದೋಣಿ ಅವರದ್ದು. 1854ರ ಒಪ್ಪಂದದಲ್ಲಿ ನೆಲ ಅಮೆರಿಕ ಸರ್ಕಾರಕ್ಕೆ ಹೋದರೂ ಬೇಟೆ, ಮೀನು, ಕಾಡುಭತ್ತ ಸಂಗ್ರಹದ ಹಕ್ಕು ಅವರಲ್ಲೇ ಉಳೀತು. ಈಲಿ ಪಟ್ಟಣದ ಹತ್ತಿರ ನಾರ್ತ್ ಹೆಗ್ಮನ್ ಸರೋವರದ ಬಂಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬಿಡಿಸಿದ ಮನುಷ್ಯ, ಮೂಸ್, ದೋಣಿಗಳ ಚಿತ್ರ ಇದೆ. ನೀರಿನಿಂದಲೇ ನೋಡಬೇಕು, ಮುಟ್ಟಬಾರದು.

ಬೆಳಕಿನ ಲೆಕ್ಕ

ಈಲಿ ಇರೋದು ಸುಮಾರು 48 ಡಿಗ್ರಿ ಅಕ್ಷಾಂಶದಲ್ಲಿ. ಜೂನ್ ಮೂರನೇ ವಾರ ಅಲ್ಲಿ ಸೂರ್ಯ ಹುಟ್ಟೋದು ಬೆಳಗ್ಗೆ 5.10ರ ಸುಮಾರಿಗೆ, ಮುಳುಗೋದು ರಾತ್ರಿ 9.10ಕ್ಕೆ. ಹದಿನಾರು ಗಂಟೆ ಹಗಲು.

ಫೋಟೋಗ್ರಾಫರ್‌ಗೆ ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಮೇಲೆ ಏರ್ತಾನೆ. ಅಲ್ಲಿ ಓರೆಯಾಗಿ, ದಿಗಂತವನ್ನ ಸವರಿಕೊಂಡು ಏರ್ತಾನೆ. ದಿಗಂತದಿಂದ ಆರು ಡಿಗ್ರಿ ಮೇಲೇರೋವರೆಗಿನ ಬೆಳಕನ್ನ ಹೊಂಬೆಳಕು ಅಂತ ಇಟ್ಟುಕೊಂಡರೆ, ಜೂನ್‌ನಲ್ಲಿ ಬೆಂಗಳೂರು, ಹೈದರಾಬಾದ್‌ನಲ್ಲಿ ಅದು ಅರ್ಧ ಗಂಟೆನೂ ಇರಲ್ಲ, 27-28 ನಿಮಿಷ ಅಷ್ಟೆ. ಅಲ್ಲಿ ಮುಕ್ಕಾಲು ಗಂಟೆ ಸಿಗುತ್ತೆ. ಸಂಜೆಯೂ ಅಷ್ಟೇ. ಸೂರ್ಯ ಮುಳುಗಿದ ಮೇಲೂ ಆಕಾಶದಲ್ಲಿ ಬೆಳಕು ಬಹಳ ಹೊತ್ತು ಉಳಿಯುತ್ತೆ.

ಇದರ ಅರ್ಥ ಅಲ್ಲಿ ಅವಸರ ಬೇಡ. ಊರಲ್ಲಿ ನಾವು 'ಬೆಳಕು ಹೋಗುತ್ತೆ, ಬೇಗ ಹತ್ತಿರ ಹೋಗು' ಅಂತ ಓಡೋದು ಅಭ್ಯಾಸ. ಅಲ್ಲಿ ದೋಣಿ ನಿಲ್ಲಿಸಿ ಇಪ್ಪತ್ತು ನಿಮಿಷ ಸುಮ್ಮನೆ ಕೂತರೂ ಬೆಳಕು ಇನ್ನೂ ಇರುತ್ತೆ. ಮುಂದೆ ಹೇಳೋದಕ್ಕೆಲ್ಲ ಈ ಲೆಕ್ಕವೇ ಆಧಾರ.

ಬೇಸಿಗೆ ಅಂದ್ರೆ ಮರಿಗಳ ಕಾಲ

ಈ ಸರೋವರಗಳ ಹಕ್ಕಿ ಅಂದ್ರೆ ಲೂನ್. ಬಾತುಕೋಳಿಗಿಂತ ದೊಡ್ಡದು, ಕಪ್ಪು ತಲೆ, ಬೆನ್ನ ಮೇಲೆ ಬಿಳಿ ಚೌಕಗಳ ಹಾಸು, ಕೆಂಡದಂಥ ಕೆಂಪು ಕಣ್ಣು. 1961ರಿಂದ ಮಿನ್ನೆಸೋಟದ ರಾಜ್ಯಪಕ್ಷಿ. ಸುಮಾರು 12,000 ಲೂನ್‌ಗಳು ಆ ರಾಜ್ಯದಲ್ಲಿವೆ. ಒಜಿಬ್ವೆ ಭಾಷೆಯಲ್ಲಿ ಇದರ ಹೆಸರು ಮಾಂಗ್. ಬೇರೆ ಹಕ್ಕಿಗಳ ಮೂಳೆ ಟೊಳ್ಳು, ಇದರದ್ದು ಬಹುಪಾಲು ಗಟ್ಟಿ, ಅದಕ್ಕೇ ಸಲೀಸಾಗಿ ಮುಳುಗುತ್ತೆ. ಕಾಲುಗಳು ದೇಹದ ತೀರಾ ಹಿಂದೆ ಇರೋದರಿಂದ ನೀರಲ್ಲಿ ಮೀನಿನ ಹಾಗೆ ಈಜುತ್ತೆ, ನೆಲದ ಮೇಲೆ ಮಾತ್ರ ನಡೆಯೋಕಾಗದೆ ತೆವಳುತ್ತೆ. ನೆಲದ ಮೇಲೆ ಬರೋದು ಗೂಡಿಗಾಗಿ. ಗೂಡನ್ನ ನೀರಿನ ಅಂಚಿನಲ್ಲೇ, ದೋಣಿಯಲ್ಲಿ ಬರೋರಿಗೆ ಎದುರಿಗೇ ಕಟ್ಟುತ್ತೆ.

ಸಮಸ್ಯೆ ಶುರುವಾಗೋದು ಇಲ್ಲೇ. ಸಾಮಾನ್ಯವಾಗಿ ಎರಡು ಮೊಟ್ಟೆ, ಗಂಡು ಹೆಣ್ಣು ಎರಡೂ ಸರದಿಯಲ್ಲಿ ಸುಮಾರು 28 ದಿನ ಕಾವು ಕೊಡ್ತವೆ. ಜೂನ್ ಮಧ್ಯದಿಂದ ಮರಿಗಳು ಹೊರಗೆ ಬರ್ತವೆ. ಅವು ಹಾರೋಕೆ ಹನ್ನೊಂದು ಹನ್ನೆರಡು ವಾರ ಬೇಕು. ಸರೋವರಗಳ ಹಿಮ ಕರಗೋದೇ ಏಪ್ರಿಲ್ ಕೊನೆ, ಮೇ ಮೊದಲ ವಾರ. ಚಳಿ ಬರೋದರೊಳಗೆ ಮರಿ ದಕ್ಷಿಣದ ಸಮುದ್ರಕ್ಕೆ ಹಾರೋ ಹಾಗಿರಬೇಕು. ಕ್ಯಾಲೆಂಡರ್‌ನಲ್ಲಿ ಹೆಚ್ಚು ಸಡಿಲ ಇಲ್ಲ. ಹುಟ್ಟಿದ ಲೂನ್ ತಾನು ಮರಿ ಮಾಡೋ ವಯಸ್ಸಿಗೆ ಬರೋಕೆ ಐದಾರು ವರ್ಷ ಬೇಕು. ಸರಾಸರಿ ಒಂದು ಜೋಡಿಗೆ ವರ್ಷಕ್ಕೆ ಒಂದು ಮರಿ ಕೂಡ ದಕ್ಕಲ್ಲ. ಹಾಗಾಗಿ ಕಾವಿಗೆ ಕೂತ ಹಕ್ಕಿಯನ್ನ ನಾವು ಎಬ್ಬಿಸಿದರೆ ಆ ಜೋಡಿಯ ಇಡೀ ವರ್ಷ ಹಾಳಾಗಬಹುದು. ಹಕ್ಕಿ ನೀರಿಗಿಳಿದ ಸ್ವಲ್ಪ ಹೊತ್ತಿನಲ್ಲೇ ಕಾಗೆಯೋ, ಗಲ್ ಹಕ್ಕಿಯೋ ಮೊಟ್ಟೆ ಎತ್ತಿಕೊಂಡು ಹೋಗಬಹುದು. ಮರಿಗಳಿದ್ದಾಗ ತಂದೆತಾಯಿಯ ಕಣ್ಣು ನಮ್ಮ ದೋಣಿಯ ಮೇಲಿದ್ದರೆ ಮೇಲಿಂದ ಹದ್ದಿಗೆ ಅನುಕೂಲ.

ಹಕ್ಕಿ ತನ್ನ ಭಾಷೆಯಲ್ಲಿ ಹೇಳುತ್ತೆ, ನಮಗೆ ಓದೋಕೆ ಬರಬೇಕು. ಲೂನ್‌ಗೆ ನಾಲ್ಕು ಬಗೆಯ ಕೂಗು. ಉದ್ದನೆಯ ಊಳಿಡೋ ಹಾಗಿರೋ ಕೂಗು, ದೂರದ ಸಂಗಾತಿಯನ್ನ ಕರೆಯೋಕೆ. ಸಣ್ಣದಾಗಿ 'ಹೂ' ಅನ್ನೋದು ಮನೆಯವರ ಜೊತೆ. ಏರಿಳಿಯೋ ಜೋರು ಕೂಗು ಗಂಡು ಮಾತ್ರ ಹಾಕೋದು, 'ಇದು ನನ್ನ ಜಾಗ' ಅಂತ. ನಾಲ್ಕನೇದು ಹುಚ್ಚು ನಗು ಥರ ನಡುಗೋ ಕೂಗು. ಕೇಳೋಕೆ ಚೆಂದ ಅಂತ ಟೂರಿಸ್ಟ್‌ಗಳು ರೆಕಾರ್ಡ್ ಮಾಡ್ಕೋತಾರೆ. ಅದು ಬಹಳ ಸಲ ಗಾಬರಿಯ ಕೂಗು. ಹಕ್ಕಿ ನೀರಿನ ಮೇಲೆ ನೆಟ್ಟಗೆ ನಿಂತು ರೆಕ್ಕೆ ಹರಡಿ ಕುಣಿದರೆ ಅದೂ ಬೆದರಿಕೆಯೇ, ಹಿಂದೆ ಹೋಗಿ ಅಂತ. ಗೂಡಿನ ಮೇಲಿನ ಹಕ್ಕಿ ಕತ್ತು ಚಾಚಿ ತಲೆಯನ್ನ ನೀರಿನ ಮಟ್ಟಕ್ಕೆ ಇಳಿಸಿ ಚಪ್ಪಟೆಯಾಗಿ ಮಲಗಿದರೆ, ಇನ್ನೊಂದು ಹೆಜ್ಜೆಗೆ ಎದ್ದು ಹೋಗುತ್ತೆ ಅಂತ ಅರ್ಥ.

ಮೂರನೇ ದಿನ ಒಂದು ಕೊಲ್ಲಿಯ ತಿರುವಿನಲ್ಲಿ ಬೈನಾಕ್ಯುಲರ್‌ನಲ್ಲಿ ನೋಡಿದಾಗ ಒಂದು ಲೂನ್ ಹಾಗೆ ಮಲಗಿತ್ತು. ಗೆಳೆಯ ಮಾತಾಡದೆ ಹುಟ್ಟನ್ನ ಹಿಂದಕ್ಕೆ ಹಾಕಿದ, ನಾವು ಬಂದ ದಾರಿಯಲ್ಲೇ ತಿರುಗಿದ್ವಿ. ಆ ಕೊಲ್ಲಿಯ ಫೋಟೋ ವಿಡಿಯೋದಲ್ಲಿ ಇಲ್ಲ. ತೆಗೆದೇ ಇಲ್ಲ.

ಐವತ್ತು ಮೀಟರ್‌ನ ಲೆಕ್ಕ

ಲೂನ್‌ನಿಂದ ಕನಿಷ್ಠ 150 ಅಡಿ ದೂರ ಇರಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ಸುಮಾರು 50 ಮೀಟರ್ ಅಂದುಕೊಳ್ಳಿ. ಈಗ ಲೆನ್ಸ್ ವಿಷಯಕ್ಕೆ ಬರೋಣ. ನಾವೆಲ್ಲ ಎಂಜಿನಿಯರ್‌ಗಳು, ಲೆಕ್ಕ ಹಾಕಿಯೇ ನೋಡೋಣ. ಫುಲ್ ಫ್ರೇಮ್ ಸೆನ್ಸರ್‌ನ ಅಗಲ 36 ಮಿಲಿಮೀಟರ್. 500 ಎಂಎಂ ಲೆನ್ಸ್‌ನಲ್ಲಿ 50 ಮೀಟರ್ ದೂರಕ್ಕೆ ಚಿತ್ರದಲ್ಲಿ ಕಾಣೋ ಅಗಲ 3.6 ಮೀಟರ್. ಲೂನ್ ಸುಮಾರು 80 ಸೆಂಟಿಮೀಟರ್ ಉದ್ದ, ಅಂದ್ರೆ ಫ್ರೇಮ್‌ನ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ನಮ್ಮಲ್ಲಿ ಬಹಳ ಜನರ ಹತ್ತಿರ ಇರೋ ಕ್ರಾಪ್ ಸೆನ್ಸರ್ ಕ್ಯಾಮೆರಾ, 150-600 ಲೆನ್ಸ್ ತಗೊಂಡರೆ ಅಗಲ ಎರಡು ಮೀಟರ್‌ಗೆ ಇಳಿಯುತ್ತೆ, ಹಕ್ಕಿ ಫ್ರೇಮ್‌ನ ಶೇಕಡ 40ರಷ್ಟು ಬರುತ್ತೆ.

ಅಷ್ಟು ಸಾಕು. ಉಳಿದ ಜಾಗದಲ್ಲಿ ನೀರು, ಮಂಜು, ಆಚೆ ದಡದ ಕಪ್ಪು ಸ್ಪ್ರೂಸ್ ಬರುತ್ತೆ. ಕಣ್ಣು ಕೊಕ್ಕು ಮಾತ್ರ ತುಂಬಿದ ಫೋಟೋ ಯಾವ ಮೃಗಾಲಯದ ಕೊಳದಲ್ಲಾದರೂ ಸಿಗುತ್ತೆ. ಮರಿಯನ್ನ ಬೆನ್ನ ಮೇಲೆ ಕೂರಿಸಿಕೊಂಡು ಹೊಂಬೆಳಕಿನ ಸರೋವರದಲ್ಲಿ ಹೋಗೋ ಹಕ್ಕಿಗೆ ಆ ಸರೋವರ ಬೇಕು. ಮರಿಗಳು ಬೆನ್ನೇರೋದು ಮೊದಲ ಎರಡು ವಾರಗಳಲ್ಲೇ ಹೆಚ್ಚು, ಆದ್ದರಿಂದ ಜೂನ್ ಕೊನೆ, ಜುಲೈ ಮೊದಲ ವಾರ ಒಳ್ಳೇ ಸಮಯ.

ಕಪ್ಪು ಬಿಳುಪಿನ ಹಕ್ಕಿಯಾದ್ದರಿಂದ ಬಿಳಿ ಚುಕ್ಕಿಗಳು ಬೇಗ ಸುಟ್ಟುಹೋಗ್ತವೆ. ಎಕ್ಸ್‌ಪೋಶರ್ ಅರ್ಧದಿಂದ ಮುಕ್ಕಾಲು ಸ್ಟಾಪ್ ಕಡಿಮೆ ಇಡಿ. ಮಧ್ಯಾಹ್ನದ ಬಿಸಿಲಲ್ಲಿ ಕಪ್ಪು ತಲೆಯೊಳಗೆ ಕೆಂಪು ಕಣ್ಣು ಕಾಣೋದೇ ಇಲ್ಲ. ಮೋಡ ಕವಿದ ದಿನ ಬೇಜಾರು ಮಾಡ್ಕೋಬೇಡಿ, ಆವತ್ತೇ ಗರಿಯ ವಿವರ ಚೆನ್ನಾಗಿ ಬರೋದು.

ದೋಣಿಯಲ್ಲಿ ಇಬ್ಬರು

ಕನೂದಲ್ಲಿ ಹಿಂದೆ ಕೂತವರು ದಿಕ್ಕು ನೋಡ್ಕೋತಾರೆ, ಮುಂದೆ ಕೂತವರಿಗೆ ಎದುರಿನ ನೋಟ ಪೂರ್ತಿ ಸಿಗುತ್ತೆ. ಹಾಗಾಗಿ ಕ್ಯಾಮೆರಾ ಯಾವಾಗಲೂ ಮುಂದೆ. ಆದರೆ ಫೋಟೋದ ಕೋನ, ಬೆಳಕಿನ ದಿಕ್ಕು, ದೂರ ಮೂರನ್ನೂ ತೀರ್ಮಾನ ಮಾಡೋದು ಹಿಂದೆ ಇರೋರು. ನಾವು ಬೆಳಗ್ಗೆ ಒಬ್ಬರು, ಸಂಜೆ ಒಬ್ಬರು ಅಂತ ಜಾಗ ಬದಲಾಯಿಸ್ತಿದ್ವಿ.

ಕೆಲಸಕ್ಕೆ ಬಂದ ಕೆಲವು ವಿಷಯಗಳು:

ಬಲಗೈ ಬಳಸೋ ಫೋಟೋಗ್ರಾಫರ್‌ಗೆ ಕೂತಲ್ಲೇ ಎಡಕ್ಕೆ ತಿರುಗೋದು ಸುಲಭ, ಬಲಕ್ಕೆ ಕಷ್ಟ. ಹಿಂದೆ ಕೂತವರು ದೋಣಿಯ ಎಡಮಗ್ಗುಲು ಹಕ್ಕಿ ಕಡೆ ಇರೋ ಹಾಗೆ ನಿಲ್ಲಿಸಬೇಕು.

ಹಕ್ಕಿಯ ಕಡೆ ನೇರವಾಗಿ ಹುಟ್ಟು ಹಾಕಬಾರದು. ದೂರದಲ್ಲಿ ನಿಂತು ಗಾಳಿಗೆ ಪಕ್ಕಪಕ್ಕಕ್ಕೆ ತೇಲಬೇಕು. ಹುಟ್ಟು ದೋಣಿಗೆ ಬಡಿದ ಒಂದು 'ಟಕ್' ಸದ್ದು ನೀರಿನ ಮೇಲೆ ಬಹಳ ದೂರ ಹೋಗುತ್ತೆ. ತೊಡೆ ಮೇಲೆ ಇಟ್ಕೊಳ್ಳಿ.

ಟ್ರೈಪಾಡ್ ದೋಣಿಯಲ್ಲಿ ಉಪಯೋಗ ಇಲ್ಲ, ದೋಣಿಯೇ ಅಲ್ಲಾಡ್ತಿರುತ್ತೆ. ಶಟರ್ 1/1250 ಅಥವಾ ಅದಕ್ಕಿಂತ ವೇಗ, ಆಟೋ ಐಎಸ್‌ಒ. ಮೊಣಕೈಯನ್ನ ಮಂಡಿ ಮೇಲೆ ಊರಿ. ಎದ್ದು ನಿಲ್ಲಲೇಬೇಡಿ.

ಪೋಲರೈಸರ್ ಹಾಕಿದರೆ ನೀರಿನ ಹೊಳಪು ಹೋಗಿ ಅಡಿಯ ಕಲ್ಲು ಕಾಣುತ್ತೆ, ಎಲೆಯ ಹಸಿರು ತುಂಬಿ ಬರುತ್ತೆ. ಬೆಳಗಿನ ಪ್ರತಿಬಿಂಬದ ಫೋಟೋಗೆ ಮಾತ್ರ ತೆಗೆದಿಡಿ.

ಎರಡನೇ ದಿನ ಸಂಜೆ ಒಂದು ಜೋಡಿ, ಜೊತೆಗೆ ಒಂದು ಮರಿ ಕಂಡಿತು. ನಾನು ಮುಂದೆ ಕೂತು 'ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ' ಅಂತಿದ್ದೆ. ಗೆಳೆಯ ದೋಣಿ ನಿಲ್ಲಿಸಿಯೇಬಿಟ್ಟ. 'ನಾವು ಅಟ್ಟಿಸಿಕೊಂಡು ಹೋಗೋವರೆಗೂ ಅದು ದೂರನೇ ಹೋಗುತ್ತೆ ಕಣೋ. ಸುಮ್ಮನಿರು, ಅದಕ್ಕೇ ಮನಸ್ಸಾದರೆ ಬರುತ್ತೆ' ಅಂದ. ಇಪ್ಪತ್ತು ನಿಮಿಷ ಕಾದ್ವಿ. ಒಂದು ಹಕ್ಕಿ ಮುಳುಗಿ, ನಮ್ಮ ಕಡೆಗೇ ಎದ್ದು, ಮೀನು ಹಿಡಿದು, ಮರಿಗೆ ತಿನ್ನಿಸ್ತು. ಹತ್ತಿರ ಬರ್ತಿದ್ದ ಹಾಗೆ ಅವನು ಮೆಲ್ಲಗೆ ದೋಣಿಯನ್ನ ಹಿಂದೆ ಸರಿಸ್ತಾನೇ ಇದ್ದ, ದೂರ ಕಾಯ್ದುಕೊಳ್ಳೋಕೆ. ವಿಡಿಯೋದ ಥಂಬ್‌ನೇಲ್ ಫೋಟೋ ಅದೇ. ಕ್ಲಿಕ್ ನನ್ನದು, ಫೋಟೋ ಅವನದ್ದು ಅಂತ ನಾನು ಹೇಳೋದು ಅದಕ್ಕೇ.

ಮೂಸ್ ಯಾಕೆ ಸಿಗಲಿಲ್ಲ

ಇದನ್ನೂ ಬಹಳ ಜನ ಕೇಳಿದರು. ಮೂಸ್ ಜಿಂಕೆ ಜಾತಿಯಲ್ಲೇ ಎಲ್ಲಕ್ಕಿಂತ ದೊಡ್ಡದು, ಹೆಗಲೆತ್ತರದಲ್ಲಿ ಕುದುರೆಯನ್ನ ಮೀರಿಸುತ್ತೆ. ಬೇಸಿಗೆಯಲ್ಲಿ ಉಪ್ಪಿನಂಶಕ್ಕಾಗಿ ನೀರಿನ ಗಿಡ ತಿನ್ನೋಕೆ ನಸುಕಿನಲ್ಲಿ ಕೆಸರು ಕೊಳಗಳಿಗೆ ಇಳಿಯುತ್ತೆ. ಆದರೆ ಈಶಾನ್ಯ ಮಿನ್ನೆಸೋಟದಲ್ಲಿ 2006ರ ಸುಮಾರಿಗೆ 8,800ರಷ್ಟಿದ್ದ ಮೂಸ್, 2013ರ ಹೊತ್ತಿಗೆ 3,000ಕ್ಕಿಂತ ಕೆಳಗೆ ಬಂತು. ಆಮೇಲೆ ಕುಸಿತ ನಿಂತಿದೆ, ಹಳೆಯ ಸಂಖ್ಯೆ ವಾಪಸ್ ಬಂದಿಲ್ಲ. ಕಾರಣ ಒಂದಲ್ಲ. ಬಿಳಿಬಾಲದ ಜಿಂಕೆ ತನಗೇನೂ ಆಗದೆ ಹೊತ್ತು ತಿರುಗೋ ಒಂದು ಹುಳು, ಅದರ ಹಿಕ್ಕೆಯಿಂದ ಬಸವನಹುಳುವಿಗೆ, ಅಲ್ಲಿಂದ ಎಲೆ ಜೊತೆ ಮೂಸ್ ಹೊಟ್ಟೆಗೆ ಸೇರಿ ಮಿದುಳು ನರಗಳನ್ನ ಹಾಳು ಮಾಡುತ್ತೆ. ಚಳಿ ಕಡಿಮೆಯಾದ ಹಾಗೆ ಜಿಂಕೆಗಳೂ ಉಣ್ಣಿಗಳೂ ಜಾಸ್ತಿ. ಕರುಗಳನ್ನ ತೋಳ, ಕರಡಿ ಹಿಡೀತವೆ. ಇಷ್ಟೆಲ್ಲದರ ಮಧ್ಯೆ ಉಳಿದಿರೋ ಒಂದು ಮೂಸ್ ಕಂಡರೆ ಅದೃಷ್ಟ. ಕರು ಜೊತೆಗಿರೋ ತಾಯಿ ಕಂಡರೆ ಬಹಳ ದೂರ ಇರಿ, ಅಟ್ಟಿಸಿಕೊಂಡು ಬರುತ್ತೆ.

ದಿನಕ್ಕೊಂದೇ ಕ್ಲಿಕ್

ಈ ಕಾಡನ್ನ ಜಗತ್ತಿಗೆ ತೋರಿಸಿದ ಫೋಟೋಗ್ರಾಫರ್ ಜಿಮ್ ಬ್ರಾಂಡನ್‌ಬರ್ಗ್. ಮಿನ್ನೆಸೋಟದಲ್ಲೇ ಹುಟ್ಟಿ, ಈಲಿ ಹತ್ತಿರದ ಕಾಡಿನಲ್ಲಿ ಮನೆ ಮಾಡಿಕೊಂಡವರು, ನ್ಯಾಷನಲ್ ಜಿಯಾಗ್ರಫಿಕ್‌ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. 1994ರ ಶರತ್ಕಾಲದಲ್ಲಿ ತಮಗೆ ತಾವೇ ಒಂದು ನಿಯಮ ಹಾಕಿಕೊಂಡರು: 90 ದಿನ, ದಿನಕ್ಕೆ ಒಂದೇ ಕ್ಲಿಕ್, ಎರಡನೇ ಅವಕಾಶ ಇಲ್ಲ. ಫಿಲ್ಮ್ ಕಾಲ, ತೆಗೆದದ್ದನ್ನ ಅಲ್ಲೇ ನೋಡೋಕೂ ಆಗಲ್ಲ. ಆ ಚಿತ್ರಗಳು 1997ರ ನವೆಂಬರ್ ಸಂಚಿಕೆಯಲ್ಲಿ ಬಂದು ಆಮೇಲೆ ಪುಸ್ತಕವೂ ಆಯ್ತು.

ನಮ್ಮ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ಫ್ರೇಮ್ ತೆಗೆಯುತ್ತೆ. ಅವರಂತೆ ಒಂದಕ್ಕೇ ನಿಲ್ಲಿಸಿ ಅಂತ ನಾನು ಹೇಳಲ್ಲ. ಐದು ದಿನದಲ್ಲಿ ಒಂದು ದಿನ ಇಬ್ಬರೂ ತಲಾ ಹತ್ತೇ ಕ್ಲಿಕ್ ಅಂತ ಮಿತಿ ಹಾಕಿಕೊಂಡು ನೋಡಿ. ಆವತ್ತು ಕಣ್ಣು ಮಾಡೋ ಕೆಲಸವೇ ಬೇರೆ.

ಹೊರಡೋ ಮುಂಚೆ

ಪರ್ಮಿಟ್: ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಒಳಗೆ ರಾತ್ರಿ ಉಳಿಯೋಕೆ ಕೋಟಾ ಪರ್ಮಿಟ್ ಬೇಕು. ಬುಕಿಂಗ್ ಜನವರಿ ಕೊನೆಗೇ ಶುರು. ಜುಲೈ 4ರ ವಾರ ಬೇಗ ತುಂಬುತ್ತೆ. ಹಗಲು ಹೋಗಿ ಬರೋಕೆ ಪ್ರವೇಶದ ಜಾಗದಲ್ಲೇ ನಾವೇ ಫಾರ್ಮ್ ತುಂಬಿದರೆ ಆಯ್ತು. ಗುಂಪಿನಲ್ಲಿ ಒಂಬತ್ತು ಜನಕ್ಕಿಂತ ಹೆಚ್ಚು ಇರಬಾರದು. ಡ್ರೋನ್ ಹಾರಿಸೋ ಹಾಗಿಲ್ಲ. ದೋಣಿ, ಟೆಂಟ್ ಎಲ್ಲ ಈಲಿ, ಗ್ರ್ಯಾಂಡ್ ಮರೇಯಲ್ಲಿ ಬಾಡಿಗೆಗೆ ಸಿಗುತ್ತೆ.

ವೀಸಾ: ಗಡಿ ಕೆಲವು ಸರೋವರಗಳ ನಡುವೆಯೇ ಹಾದು ಹೋಗುತ್ತೆ. ಆಚೆ ದಡದಲ್ಲಿ ಇಳಿದರೆ ಅದು ಕೆನಡಾ. ನಮ್ಮಂಥ ವೀಸಾದವರು ಗಡಿಯಿಂದ ಒಳಗಿರೋ ಸರೋವರಗಳನ್ನೇ ಆರಿಸಿಕೊಳ್ಳೋದು ಕ್ಷೇಮ. ಪಾಸ್‌ಪೋರ್ಟ್ ನೀರು ಹೋಗದ ಕವರಿನಲ್ಲಿ ಜೊತೆಗಿರಲಿ.

ನೀರು: ನಮ್ಮಲ್ಲಿ ಬಹಳ ಜನಕ್ಕೆ ಈಜು ಬರಲ್ಲ. ಜೂನ್‌ನಲ್ಲೂ ನೀರು ತಣ್ಣಗಿರುತ್ತೆ. ಲೈಫ್ ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲಿರಬೇಕು. ಮೊಬೈಲ್ ಸಿಗ್ನಲ್ ನಂಬಬೇಡಿ, ಕಾಗದದ ಮ್ಯಾಪ್ ಇಟ್ಕೊಳ್ಳಿ.

ಸೊಳ್ಳೆ: ಜೂನ್, ಜುಲೈಯಲ್ಲಿ ಮಲೆನಾಡಿನವರೂ ತಲೆಬಾಗೋ ಅಷ್ಟು. ಡೀಟ್ ಇರೋ ಕ್ರೀಮ್ ಹಚ್ಚಿದ ಕೈಯಲ್ಲಿ ಕ್ಯಾಮೆರಾ ಮುಟ್ಟಬೇಡಿ, ಅದು ಪ್ಲಾಸ್ಟಿಕ್ ಕರಗಿಸುತ್ತೆ. ಪಿಕಾರಿಡಿನ್ ಇರೋದು ತಗೊಳ್ಳಿ, ತಲೆಗೆ ಬಲೆ ಹಾಕ್ಕೊಳ್ಳಿ. ಮಂಗನ ಕಾಯಿಲೆ ಗೊತ್ತಿರೋರಿಗೆ ಉಣ್ಣಿ ಬಗ್ಗೆ ಹೇಳಬೇಕಿಲ್ಲ. ಅಲ್ಲಿ ಅದು ಲೈಮ್ ಕಾಯಿಲೆ ತರುತ್ತೆ. ಪ್ರತಿ ರಾತ್ರಿ ಮೈ ನೋಡ್ಕೊಳ್ಳಿ.

ಊಟ: ಆಹಾರ ತುಂಬಿದ ಡಬ್ಬ, ಗಾಜಿನ ಬಾಟಲಿ ಒಳಗೆ ಒಯ್ಯೋ ಹಾಗಿಲ್ಲ. ಅವಲಕ್ಕಿ, ಪುಳಿಯೋಗರೆ ಪುಡಿ, ಚಟ್ನಿಪುಡಿ ಆರಾಮಾಗಿ ಆಗುತ್ತೆ. ರಾತ್ರಿ ಊಟದ ಚೀಲವನ್ನ ಕರಡಿಗೆ ಸಿಗದ ಹಾಗೆ ಮರಕ್ಕೆ ಎತ್ತರದಲ್ಲಿ ಕಟ್ಟಬೇಕು, ಇಲ್ಲವೇ ಕರಡಿ ತೆಗೆಯೋಕಾಗದ ಡಬ್ಬಿಯಲ್ಲಿ ಇಡಬೇಕು.

ಇಲ್ಲಿಗೂ ಅದೇ ಲೆಕ್ಕ

ಮಿನ್ನೆಸೋಟಕ್ಕೆ ಹೋಗೋ ಅವಕಾಶ ಎಲ್ಲರಿಗೂ ಸಿಗಲ್ಲ. ಆದರೆ ಪುಣೆಯವರು ಚಳಿಗಾಲದಲ್ಲಿ ಭಿಗ್ವಣಕ್ಕೆ ಹೋಗ್ತೀರಿ, ಮುಂಬೈಯವರು ಠಾಣೆ ಕ್ರೀಕ್‌ಗೆ, ಊರಿಗೆ ಬಂದಾಗ ರಂಗನತಿಟ್ಟಿಗೆ. ಎಲ್ಲ ಕಡೆ ದೋಣಿ ಇದೆ, ಹಕ್ಕಿ ಇದೆ, ದೋಣಿ ನಡೆಸೋ ಅಣ್ಣ ಇದ್ದಾರೆ. ಫ್ಲೆಮಿಂಗೋ ಹಾರಿದರೆ ಫೋಟೋ ಚೆನ್ನಾಗಿ ಬರುತ್ತೆ ಅಂತ ಹಿಂಡಿನೊಳಗೆ ದೋಣಿ ನುಗ್ಗಿಸೋಕೆ ಹೇಳೋರೂ ನಮ್ಮ ನಡುವೆ ಇದ್ದಾರೆ. ಆ ಹಕ್ಕಿ ಅಲ್ಲಿಗೆ ಬಂದಿರೋದು ಹೊಟ್ಟೆ ತುಂಬಿಸಿಕೊಳ್ಳೋಕೆ. ಒಂದು ಸಲ ಹಾರಿಸಿದರೆ ಅದು ತಿಂದದ್ದನ್ನ ನಮಗಾಗಿ ಖರ್ಚು ಮಾಡಿದ ಹಾಗೆ.

ಮುಂದಿನ ಸಲ ದೋಣಿ ಹತ್ತಿದಾಗ ಅಣ್ಣನಿಗೆ ಮೊದಲೇ ಹೇಳಿ: 'ಹತ್ತಿರ ಬೇಡ, ದೂರದಲ್ಲೇ ನಿಲ್ಲಿಸಿ, ಅರ್ಧ ಗಂಟೆ ಕಾಯೋಣ. ಕಾದ ಹೊತ್ತಿಗೂ ದುಡ್ಡು ಕೊಡ್ತೀವಿ.' ನಿಮ್ಮ ಜೊತೆ ಬಂದ ಗೆಳೆಯರಿಗೂ ಒಂದು ಕೆಲಸ ಕೊಡಿ: ಹಕ್ಕಿ ತಲೆ ಎತ್ತಿದರೆ, ಮೇಯೋದು ನಿಲ್ಲಿಸಿದರೆ ನಿಮ್ಮ ಭುಜ ತಟ್ಟೋಕೆ ಹೇಳಿ. ವ್ಯೂಫೈಂಡರ್‌ನೊಳಗೆ ಕಣ್ಣಿಟ್ಟವರಿಗೆ ಇದು ಕಾಣೋದು ತಡವಾಗಿ. ಪಕ್ಕದಲ್ಲಿ ಕೂತವರಿಗೆ ಮೊದಲು ಕಾಣುತ್ತೆ.